ಕಾಡಿನ ಮನೇಲಿ ರೆಕಾರ್ಡ್ ಆದ ಒಂಬತ್ತು ಹಾಡು: ಬೋನ್ ಈವೇರ್ ಮೊದಲ ಆಲ್ಬಂ ಅಷ್ಟು ಹೆಸರು ಮಾಡಿದ್ದು ಹೇಗೆ?

2020ರ ಜುಲೈನಲ್ಲಿ ಟೇಲರ್ ಸ್ವಿಫ್ಟ್ 'ಫೋಕ್‌ಲೋರ್' ಅನ್ನೋ ಆಲ್ಬಂ ಬಿಡುಗಡೆ ಮಾಡಿದಳು. ಅದರ ನಾಲ್ಕನೇ ಹಾಡು 'ಎಕ್ಸೈಲ್'. ಆ ಹಾಡು ಶುರುವಾಗೋದು ಟೇಲರ್ ದನಿಯಿಂದಲ್ಲ. ಪಿಯಾನೋ ಜೊತೆಗೆ ಒಬ್ಬ ಗಂಡಸಿನ ದಪ್ಪ ದನಿ ಬರುತ್ತೆ, ತನಗೆ ತಾನೇ ಹೇಳಿಕೊಳ್ಳುತ್ತಿರೋ ಹಾಗೆ. ಯಾರಪ್ಪಾ ಇವನು ಅಂತ ಹುಡುಕಿದವರಿಗೆ ಸಿಕ್ಕಿದ್ದು ಬೋನ್ ಈವೇರ್ ಅನ್ನೋ ಹೆಸರು.

ಆ ಹೆಸರು ಹಿಡಿದು ಹಿಂದಕ್ಕೆ ಹೋಗ್ತಾ ಹೋದರೆ ಎಲ್ಲರೂ ಬಂದು ನಿಲ್ಲೋದು ಒಂದೇ ಜಾಗದಲ್ಲಿ. 'ಫಾರ್ ಎಮ್ಮಾ, ಫಾರೆವರ್ ಅಗೋ' ಅನ್ನೋ ಮೊದಲ ಆಲ್ಬಂ. ಕೇಳಿದ ತಕ್ಷಣ ಗಲಿಬಿಲಿ ಆಗುತ್ತೆ, ಯಾಕಂದ್ರೆ ಅಲ್ಲಿ ಆ ದಪ್ಪ ದನಿ ಎಲ್ಲೋ ಅಡಗಿದೆ. ಕೇಳಿಸೋದು ತೆಳ್ಳಗಿನ, ತುಂಬಾ ಮೇಲಕ್ಕೆ ಏರಿದ ದನಿ, ಅದೂ ಒಂದಲ್ಲ, ಹತ್ತಾರು. ಹಾಡಿದವನು ಮಾತ್ರ ಅದೇ ಮನುಷ್ಯ.

2025ರ ಏಪ್ರಿಲ್‌ನಲ್ಲಿ ಬೋನ್ ಈವೇರ್‌ನ 'ಸೇಬಲ್, ಫೇಬಲ್' ಆಲ್ಬಂ ಬಂತು. ಹೊಸದು ಬಂದಾಗಲೆಲ್ಲ ಮಾತು ಮತ್ತೆ ಆ ಮೊದಲ ಆಲ್ಬಂಗೇ ಹೋಗುತ್ತೆ. ಕಾಡು, ಹಿಮ, ಒಂಟಿ ಮನೆ, ಮುರಿದ ಪ್ರೀತಿ ಅಂತ ಏನೇನೋ ಕತೆ ಹೇಳ್ತಾರೆ. ಜೊತೆಗೆ ಇಂಡೀ, ಲೇಬಲ್, ಫಾಲ್ಸೆಟೊ, ಮೆಟಾಕ್ರಿಟಿಕ್ ಅಂತ ಪದಗಳು ಬೇರೆ. ಇದೆಲ್ಲ ಹೊಸದು ಅನ್ನೋರಿಗಾಗಿ ಬುಡದಿಂದ ಹೇಳ್ತೀನಿ. ಸಂಗೀತ ಕಲಿತಿರಬೇಕು ಅಂತೇನಿಲ್ಲ.

ಹೆಸರಿನ ಗೊಂದಲ ಮೊದಲು

ಬೋನ್ ಈವೇರ್ ಅನ್ನೋದು ಮನುಷ್ಯನ ಹೆಸರಲ್ಲ. ಹಾಡುಗಾರನ ಹೆಸರು ಜಸ್ಟಿನ್ ವರ್ನನ್. 1981ರಲ್ಲಿ ಹುಟ್ಟಿದವನು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓ ಕ್ಲೇರ್ ಅನ್ನೋ ಊರಿನವನು. ಬೋನ್ ಈವೇರ್ ಅನ್ನೋದು ಅವನು ತನ್ನ ಸಂಗೀತಕ್ಕೆ ಇಟ್ಟ ಹೆಸರು. ಮೊದಲ ಆಲ್ಬಂ ಹೊತ್ತಿಗೆ ಅದು ಹೆಚ್ಚು ಕಡಿಮೆ ಅವನೊಬ್ಬನೇ, ಆಮೇಲೆ ಅದು ಪೂರ್ತಿ ಬ್ಯಾಂಡ್ ಆಯಿತು.

ಫ್ರೆಂಚ್‌ನಲ್ಲಿ 'ಬೋನ್ ಈವೇರ್' ಅಂದರೆ 'ಒಳ್ಳೇ ಚಳಿಗಾಲ'. ಫ್ರೆಂಚರು ಬರೆಯುವಾಗ ಎರಡನೇ ಪದದ ಮೊದಲು ಒಂದು ಎಚ್ ಅಕ್ಷರ ಹಾಕ್ತಾರೆ, ವರ್ನನ್ ಅದನ್ನು ಬಿಟ್ಟ. ಈ ಮಾತು ಸಿಕ್ಕಿದ್ದು ಕಾಯಿಲೆ ಬಿದ್ದಾಗ ನೋಡ್ತಿದ್ದ 'ನಾರ್ದರ್ನ್ ಎಕ್ಸ್‌ಪೋಶರ್' ಅನ್ನೋ ಹಳೇ ಟಿವಿ ಧಾರಾವಾಹಿಯಿಂದ. ಅಲಾಸ್ಕಾದ ಒಂದು ಪುಟ್ಟ ಊರಿನ ಕತೆ ಅದು. ಅದರಲ್ಲಿ ಮೊದಲ ಹಿಮ ಬಿದ್ದ ದಿನ ಊರಿನ ಜನ ಹೊರಗೆ ಬಂದು ಒಬ್ಬರಿಗೊಬ್ಬರು ಹೀಗೆ ಹಾರೈಸ್ತಾರೆ.

ಇಂಡೀ ಅಂದ್ರೆ ಏನು?

ಹಾಡು ರೆಕಾರ್ಡ್ ಮಾಡೋದು ಒಂದು ಕೆಲಸ. ಅದನ್ನು ಸಿಡಿ ಮಾಡಿಸಿ ಅಂಗಡಿಗೆ ಕಳಿಸೋದು, ರೇಡಿಯೋದವರಿಗೆ ಮುಟ್ಟಿಸೋದು, ಪತ್ರಿಕೆಯವರಿಗೆ ಹೇಳೋದು, ಲೆಕ್ಕ ಇಡೋದು ಇನ್ನೊಂದು ಕೆಲಸ. ಈ ಎರಡನೇ ಕೆಲಸ ಮಾಡೋ ಕಂಪನಿಗೆ ಲೇಬಲ್ ಅಂತಾರೆ. ಪುಸ್ತಕ ಬರೆಯೋರಿಗೆ ಪ್ರಕಾಶಕರು ಇರ್ತಾರಲ್ವಾ, ಹಾಗೆ.

2007ರ ಹೊತ್ತಿಗೆ ನಾಲ್ಕು ದೊಡ್ಡ ಲೇಬಲ್ ಕಂಪನಿಗಳಿದ್ದವು: ಯೂನಿವರ್ಸಲ್, ಸೋನಿ ಬಿಎಂಜಿ, ವಾರ್ನರ್, ಇಎಂಐ. ಆಮೇಲೆ ಇಎಂಐ ಒಡೆದು ಬೇರೆಯವರ ಪಾಲಾಯಿತು, ಈಗ ಉಳಿದಿರೋದು ಮೂರು. ಈ ದೊಡ್ಡವರ ಕೈಗೆ ಸೇರದ ಚಿಕ್ಕ ಲೇಬಲ್‌ಗಳೇ ಇಂಡೀ, ಅಂದರೆ ಸ್ವತಂತ್ರ. ಮೊದಲು ಇದು ಬರೀ ವ್ಯವಹಾರದ ಪದವಾಗಿತ್ತು. ಚಿಕ್ಕ ಲೇಬಲ್‌ನಲ್ಲಿ ದುಡ್ಡು ಕಡಿಮೆ, ಹಾಗಾಗಿ ಹೇಳೋರು ಕೇಳೋರೂ ಕಡಿಮೆ. ಅಲ್ಲಿಂದ ಬಂದ ಹಾಡುಗಳಲ್ಲಿ ಥಳುಕು ಕಡಿಮೆ ಇರ್ತಿತ್ತು, ಮನಸ್ಸಿಗೆ ಬಂದದ್ದನ್ನು ಮಾಡಿ ನೋಡೋ ಧೈರ್ಯ ಜಾಸ್ತಿ ಇರ್ತಿತ್ತು. ಬರಬರುತ್ತಾ ಆ ರೀತಿಗೇ ಇಂಡೀ ರಾಕ್ ಅಂತ ಹೆಸರು ಅಂಟಿಕೊಂಡಿತು. ಈ ಆಲ್ಬಂ ಅನ್ನು ಕೆಲವರು ಇಂಡೀ ಫೋಕ್ ಅಂತಲೂ ಕರೀತಾರೆ. ಅಕೌಸ್ಟಿಕ್ ಗಿಟಾರ್, ಅಂದರೆ ಕರೆಂಟಿಲ್ಲದೆ ನುಡಿಸೋ ಗಿಟಾರ್, ಮುಂದಿರೋದಕ್ಕೆ ಆ ಹೆಸರು.

ಇನ್ನು ಸ್ಟುಡಿಯೋ ಆಲ್ಬಂ. ವೇದಿಕೆ ಮೇಲೆ ಹಾಡಿದ್ದನ್ನು ಹಿಡಿದಿಟ್ಟರೆ ಲೈವ್ ಆಲ್ಬಂ. ಹಳೇ ಹಾಡುಗಳನ್ನು ಒಟ್ಟು ಮಾಡಿದರೆ ಸಂಕಲನ. ಹೊಸ ಹಾಡುಗಳನ್ನು ನಿಧಾನವಾಗಿ, ತಪ್ಪಾದರೆ ತಿದ್ದಿ, ಬೇಕಿದ್ದರೆ ಪದರ ಪದರವಾಗಿ ಕೂಡಿಸಿ ರೆಕಾರ್ಡ್ ಮಾಡಿದ್ದು ಸ್ಟುಡಿಯೋ ಆಲ್ಬಂ. ಅದಕ್ಕೆ ನಿಜವಾದ ಸ್ಟುಡಿಯೋನೇ ಬೇಕು ಅಂತಿಲ್ಲ. ನಾವು ಮಾತಾಡ್ತಿರೋ ಆಲ್ಬಂ ಆಗಿದ್ದು ಬೇಟೆಗೆ ಹೋದಾಗ ಉಳಿದುಕೊಳ್ಳೋಕೆ ಅಂತ ಕಟ್ಟಿದ ಮರದ ಮನೇಲಿ.

2006ರ ಚಳಿಗಾಲ

ವರ್ನನ್ ಆಗ ಡಿಯಾರ್ಮಂಡ್ ಎಡಿಸನ್ ಅನ್ನೋ ಬ್ಯಾಂಡ್‌ನಲ್ಲಿದ್ದ. ಅವೆರಡೂ ಅವನ ಪೂರ್ತಿ ಹೆಸರಿನಲ್ಲೇ ಬರೋ ಪದಗಳು. ಗೆಳೆಯರೆಲ್ಲ ಸೇರಿ ಓ ಕ್ಲೇರ್ ಬಿಟ್ಟು ನಾರ್ತ್ ಕ್ಯಾರೊಲೈನಾದ ರಾಲಿ ನಗರಕ್ಕೆ ಹೋಗಿದ್ದರು. ಅಲ್ಲಿ ಬ್ಯಾಂಡ್ ಒಡೆಯಿತು. ಉಳಿದವರು ಮೆಗಾಫಾನ್ ಅಂತ ಬೇರೆ ಬ್ಯಾಂಡ್ ಕಟ್ಟಿಕೊಂಡರು. ಇವನ ಪ್ರೀತಿಯೂ ಮುರಿಯಿತು. ಮೇಲಿಂದ ಮಾನೋನ್ಯೂಕ್ಲಿಯೋಸಿಸ್ ಅನ್ನೋ ಸೋಂಕು ತಗುಲಿತು. ವಾರಗಟ್ಟಲೆ ಜ್ವರ, ಸುಸ್ತು, ಗಂಟಲು ಊತ ತರೋ ಕಾಯಿಲೆ ಅದು. ಅವನಿಗೆ ಯಕೃತ್ತಿಗೂ ತೊಂದರೆ ಆಯಿತು.

2006ರ ನವೆಂಬರ್ ಹೊತ್ತಿಗೆ ಅವನು ಕಾರಿಗೆ ಸಾಮಾನು ತುಂಬಿಕೊಂಡು ವಿಸ್ಕಾನ್ಸಿನ್‌ಗೆ ವಾಪಸ್ ಹೊರಟ. ರಾಜ್ಯದ ವಾಯವ್ಯ ಭಾಗದ ಕಾಡಿನಲ್ಲಿ ಅವನ ಅಪ್ಪನ ಮರದ ಮನೆ ಇತ್ತು. ಮೂರು ತಿಂಗಳಿನಷ್ಟು ಕಾಲ ಅಲ್ಲೇ ಇದ್ದ. ಸೌದೆ ಸೀಳಿದ, ಊಟಕ್ಕೆ ಜಿಂಕೆ ಬೇಟೆಯಾಡಿದ. ಆಲ್ಬಂ ಮಾಡಬೇಕು ಅಂತ ಹೋದವನಲ್ಲ ಅವನು. ಸುಮ್ನೆ ಎಲ್ಲರಿಂದ ದೂರ ಇರಬೇಕು ಅನ್ನಿಸಿತ್ತು. ರೆಕಾರ್ಡಿಂಗ್ ಸಾಮಾನು ಹೇಗೂ ಜೊತೆಗಿತ್ತು, ಸ್ವಲ್ಪ ದಿನ ಕಳೆದ ಮೇಲೆ ಹಾಡು ಶುರುವಾಯಿತು.

ಏನಿತ್ತು ಆ ಸಾಮಾನಿನಲ್ಲಿ? ಒಂದು ಕಂಪ್ಯೂಟರ್, ಅದರಲ್ಲಿ ಪ್ರೋ ಟೂಲ್ಸ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಚಿಕ್ಕ ಆವೃತ್ತಿ. ಒಂದು ಹಳೇ ಸಿಲ್ವರ್‌ಟೋನ್ ಗಿಟಾರ್. ಮತ್ತೆ ಶೂರ್ ಎಸ್‌ಎಂ57 ಮೈಕು.

ಈ ಮೈಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. 1965ರಿಂದ ತಯಾರಾಗ್ತಿರೋ, ಕೆಳಗೆ ಬಿದ್ದರೂ ಕೆಡದ ಗಟ್ಟಿ ಮೈಕು ಅದು. ವೇದಿಕೆಗಳಲ್ಲಿ ಡ್ರಮ್ ಮುಂದೆ, ಗಿಟಾರ್ ಸ್ಪೀಕರ್ ಮುಂದೆ ಇಡೋದು ಇದನ್ನೇ. ಅಮೆರಿಕದ ಅಧ್ಯಕ್ಷರು ಭಾಷಣ ಮಾಡುವಾಗ ಮುಂದೆ ಕಾಣಿಸೋದೂ ಇದೇ. ದೊಡ್ಡ ಸ್ಟುಡಿಯೋಗಳಲ್ಲಿ ಹಾಡುಗಾರರಿಗೆ ಇಡೋ ಮೈಕುಗಳು ಬೇರೆ, ಉಸಿರಿನ ಸಣ್ಣ ಎಳೆಯನ್ನೂ ಹಿಡಿಯುವಂಥವು, ಬೆಲೆಯೂ ಹಲವು ಪಟ್ಟು. ಅಂಥದ್ದು ವರ್ನನ್ ಹತ್ತಿರ ಇರಲಿಲ್ಲ. ಹಾಗಾಗಿ ಈ ಆಲ್ಬಂನಲ್ಲಿ ಗಾಜಿನಂಥ ಹೊಳಪು ಇಲ್ಲ. ಗಿಟಾರ್ ತಂತಿ ಮೇಲೆ ಬೆರಳು ಜಾರೋದು ಕೇಳಿಸುತ್ತೆ. ಹಾಡಿನ ಹಿಂದೆ ಒಂದು ಕೋಣೆ ಇದೆ ಅಂತ ಕಿವಿಗೆ ಗೊತ್ತಾಗುತ್ತೆ.

ಒಬ್ಬನೇ ಹಾಡಿದರೆ ಗುಂಪು ಹಾಡಿದ ಹಾಗೆ ಕೇಳೋದು ಯಾಕೆ?

ನನ್ನ ಪ್ರಕಾರ ಈ ಆಲ್ಬಂನ ಜೀವ ಇರೋದು ಇಲ್ಲಿ. ಕಾಡಿನ ಕತೆ ಗೊತ್ತಿಲ್ಲದವರೂ ಕೇಳಿ ಸುಮ್ಮನಾಗಿಬಿಡೋದು ಈ ದನಿಗೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೇದು ಫಾಲ್ಸೆಟೊ, ಅಂದರೆ ಆ ತೆಳ್ಳಗಿನ ಮೇಲಿನ ದನಿ. ನಮ್ಮ ಗಂಟಲಿನಲ್ಲಿ ಎರಡು ಧ್ವನಿತಂತುಗಳಿವೆ. ಮಾತಾಡುವಾಗ ಅವು ಪೂರ್ತಿಯಾಗಿ ಕೂಡಿ, ಬಿಟ್ಟು, ಕೂಡಿ, ಬಿಟ್ಟು ಅದುರುತ್ತವೆ. ಗಂಡಸರಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ನೂರು ಸಲಕ್ಕಿಂತ ಸ್ವಲ್ಪ ಜಾಸ್ತಿ. ದನಿಯನ್ನು ತುಂಬಾ ಮೇಲಕ್ಕೆ ಒಯ್ದಾಗ ಆ ತಂತುಗಳು ಎಳೆದುಕೊಂಡು ತೆಳ್ಳಗಾಗುತ್ತವೆ, ಅಂಚು ಮಾತ್ರ ಅದುರುತ್ತೆ. ಪೂರ್ತಿ ಮುಚ್ಚಿಕೊಳ್ಳೋದಿಲ್ಲ, ಸಂದಿನಲ್ಲಿ ಗಾಳಿ ಸೋರುತ್ತೆ. ಅದಕ್ಕೇ ಫಾಲ್ಸೆಟೊ ದನಿಯಲ್ಲಿ ಯಾವಾಗಲೂ ಸ್ವಲ್ಪ ಉಸಿರು ಬೆರೆತಿರುತ್ತೆ, ಇನ್ನೇನು ಒಡೆದುಹೋಗುತ್ತೆ ಅನ್ನೋ ಹಾಗೆ. ವರ್ನನ್ ಸಹಜ ದನಿ ಆಳದ್ದು, 'ಎಕ್ಸೈಲ್' ಶುರುವಲ್ಲಿ ಕೇಳಿಸೋದು ಅದು. ಇಲ್ಲಿ ಅವನು ಅದನ್ನು ಬಿಟ್ಟು ಹೆಚ್ಚು ಕಡಿಮೆ ಇಡೀ ಆಲ್ಬಂ ಮೇಲಿನ ದನಿಯಲ್ಲಿ ಹಾಡಿದ.

ಎರಡನೇದು ಪದರ ಹಾಕೋದು. ಇದಕ್ಕೆ ಓವರ್‌ಡಬ್ಬಿಂಗ್ ಅಂತಾರೆ. ಒಂದೇ ಜಾಗದಲ್ಲಿ ಕ್ಯಾಮೆರಾ ಕದಲಿಸದೆ ಒಬ್ಬನೇ ಮನುಷ್ಯನ ಫೋಟೋ ಎಂಟು ಸಲ ತೆಗೆದು, ಪ್ರತಿ ಸಲ ಅವನನ್ನು ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿ, ಎಲ್ಲವನ್ನೂ ಒಂದೇ ಚಿತ್ರದಲ್ಲಿ ಕೂಡಿಸಿದರೆ ಎಂಟು ಜನ ನಿಂತ ಹಾಗೆ ಕಾಣುತ್ತಲ್ವಾ? ಇದೂ ಹಾಗೇ. ಒಂದು ಸಲ ಹಾಡಿ ರೆಕಾರ್ಡ್ ಮಾಡೋದು. ಅದನ್ನು ಹೆಡ್‌ಫೋನ್‌ನಲ್ಲಿ ಕೇಳ್ತಾ ಅದರ ಜೊತೆಗೇ ಮತ್ತೆ ಹಾಡೋದು. ಆಮೇಲೆ ಮತ್ತೆ.

ಒಂದು ಸಲ ಹಾಡಿದ್ದನ್ನೇ ಕಂಪ್ಯೂಟರ್‌ನಲ್ಲಿ ಎಂಟು ಸಲ ನಕಲು ಮಾಡಿ ಕೂಡಿಸಬಹುದಿತ್ತಲ್ಲ ಅಂತ ಕೇಳಬಹುದು. ಹಾಗೆ ಮಾಡಿದರೆ ಗುಂಪು ಆಗೋದಿಲ್ಲ, ಅದೇ ದನಿ ಜೋರಾಗುತ್ತೆ ಅಷ್ಟೇ. ಗುಂಪು ಹುಟ್ಟೋದು ವ್ಯತ್ಯಾಸದಿಂದ. ಎರಡನೇ ಸಲ ಹಾಡುವಾಗ ಎಷ್ಟೇ ಹುಷಾರಾಗಿದ್ದರೂ ಒಂದು ಅಕ್ಷರ ಸೆಕೆಂಡಿನ ನೂರನೇ ಕೆಲವು ಭಾಗದಷ್ಟು ತಡವಾಗುತ್ತೆ, ಒಂದು ಸ್ವರ ಕೂದಲೆಳೆಯಷ್ಟು ಏರುತ್ತೆ ಅಥವಾ ಇಳಿಯುತ್ತೆ. ಈ ಚಿಕ್ಕ ಚಿಕ್ಕ ತಪ್ಪುಗಳನ್ನು ಕಿವಿ ಹಿಡಿದು, ಹಾಡ್ತಿರೋದು ಒಬ್ಬನಲ್ಲ ಅಂತ ತೀರ್ಮಾನ ಮಾಡುತ್ತೆ. ಅದರ ಜೊತೆಗೆ ಬೇರೆ ಬೇರೆ ಎತ್ತರದ ಸ್ವರಗಳನ್ನೂ ಕೂಡಿಸಿದರೆ ಚರ್ಚಿನ ಗಾಯನ ತಂಡವೇ ಎದುರಿಗೆ ನಿಂತ ಹಾಗಾಗುತ್ತೆ.

ಈ ಉಪಾಯ ಹೊಸದೇನಲ್ಲ. ಬೀಟಲ್ಸ್ ಕಾಲದಲ್ಲೇ ಧಾರಾಳವಾಗಿ ಬಳಸ್ತಿದ್ದರು. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡೋದು ಜಾನ್ ಲೆನನ್‌ಗೆ ಬೇಜಾರಾಗ್ತಿತ್ತು ಅಂತ 1966ರಲ್ಲಿ ಕೆನ್ ಟೌನ್‌ಸೆಂಡ್ ಅನ್ನೋ ಇಂಜಿನಿಯರ್ ಅದನ್ನು ಯಂತ್ರದಿಂದಲೇ ಮಾಡೋ ದಾರಿ ಕಂಡುಹಿಡಿದ. ವರ್ನನ್ ಯಂತ್ರಕ್ಕೆ ಬಿಡಲಿಲ್ಲ, ತಾನೇ ಕೂತು ಹಾಡಿದ.

ಇದನ್ನು ಹತ್ತಿರದಿಂದ ಕೇಳಬೇಕಾದರೆ 'ಲಂಪ್ ಸಮ್' ಹಾಡಿನ ಶುರು ಹಾಕಿ. ಗಿಟಾರ್ ಬರೋ ಮೊದಲು ದನಿಗಳಷ್ಟೇ ಇವೆ. ಕಲ್ಲಿನ ದೊಡ್ಡ ಕಟ್ಟಡದೊಳಗೆ ಹಾಡ್ತಿದ್ದಾರೇನೋ ಅನ್ನಿಸುತ್ತೆ. ಅಲ್ಲಿರೋದು ಹಿಮದ ನಡುವೆ ಒಂಟಿ ಕೂತ ಒಬ್ಬ ಮನುಷ್ಯ, ತನ್ನ ಜೊತೆಗೆ ತಾನೇ ಹಾಡ್ತಿರೋದು. ನನಗೆ ಇದು ಗೊತ್ತಾದ ಮೇಲೆ ಆ ಹಾಡು ಮೊದಲಿನ ಹಾಗೆ ಕೇಳಿಸಲೇ ಇಲ್ಲ.

ಮಾತು ಯಾಕೆ ಪೂರ್ತಿ ಅರ್ಥ ಆಗಲ್ಲ?

ಇಂಗ್ಲಿಷ್ ಚೆನ್ನಾಗಿ ಬರೋರಿಗೂ ಈ ಹಾಡುಗಳ ಸಾಲು ಬಿಡಿಸೋದು ಕಷ್ಟ. ನಿಮ್ಮ ಕಿವಿಯದ್ದೇನೂ ತಪ್ಪಿಲ್ಲ, ಹಾಡು ಕಟ್ಟಿದ ರೀತಿಯೇ ಹಾಗಿದೆ.

ಸಾಮಾನ್ಯವಾಗಿ ಒಂದೋ ಮಾತು ಮೊದಲು, ಆಮೇಲೆ ರಾಗ. ಇಲ್ಲಾಂದ್ರೆ ರಾಗ ಮೊದಲು, ಅದರ ಅಳತೆಗೆ ತಕ್ಕ ಮಾತು. ವರ್ನನ್ ಮೊದಲು ಅರ್ಥವೇ ಇಲ್ಲದ ಸದ್ದುಗಳಲ್ಲಿ ಹಾಡಿ ರೆಕಾರ್ಡ್ ಮಾಡ್ತಿದ್ದ. ಆಮೇಲೆ ಅದನ್ನು ಮತ್ತೆ ಮತ್ತೆ ಕೇಳಿ, ಈ ಸದ್ದು ಯಾವ ಪದದ ಹಾಗಿದೆ ಅಂತ ಹುಡುಕಿ, ಆ ಪದ ಬರೆದುಕೊಳ್ತಿದ್ದ. ಮೋಡ ನೋಡ್ತಾ ಇದು ಆನೆ, ಅದು ಮರ ಅಂತ ಗುರುತಿಸೋ ಮಕ್ಕಳ ಆಟ ನೆನಪಿಸಿಕೊಳ್ಳಿ. ಹೀಗೆ ಬಂದ ಪದಗಳು ಒಂದರ ಪಕ್ಕ ಒಂದು ಕೂತಾಗ ನೇರ ಅರ್ಥ ಬರೋದು ಕಡಿಮೆ. ಆದರೆ ಆ ಸದ್ದು ಹುಟ್ಟಿದಾಗ ಮನಸ್ಸಿನಲ್ಲಿ ಏನಿತ್ತೋ ಅದು ಮಾತ್ರ ಹಾಗೇ ಉಳಿದಿರುತ್ತೆ. ದುಃಖ ಅಂತ ಒಂದು ಪದ ಇಲ್ಲದೇನೂ ದುಃಖ ತಿಳಿಯುತ್ತೆ.

ಹಾಗಾದರೆ ಎಮ್ಮಾ ಯಾರು? ಅವನನ್ನು ಬಿಟ್ಟು ಹೋದ ಹುಡುಗಿ ಇರಬೇಕು ಅಂತ ತುಂಬಾ ಜನ ಅಂದುಕೊಂಡರು. ವರ್ನನ್ ಹೇಳಿರೋ ಪ್ರಕಾರ ಎಮ್ಮಾ ಅನ್ನೋದು ಒಬ್ಬ ವ್ಯಕ್ತಿ ಅಲ್ಲ. ಮನುಷ್ಯ ಸಿಕ್ಕಿಹಾಕಿಕೊಂಡು ಹೊರಗೆ ಬರೋಕಾಗದ ಒಂದು ಜಾಗ ಇದ್ದ ಹಾಗೆ, ಅಳಿಸಿದರೂ ಹೋಗದ ಒಂದು ನೋವು. ಈ ಮಾತು ತಿಳಿದ ಮೇಲೆ ಆಲ್ಬಂನ ಉದ್ದ ಹೆಸರಿಗೂ ಒಂದು ಅರ್ಥ ಬರುತ್ತೆ, ಎಂದೋ ಆಗಿಹೋದ ಒಂದು ಕಾಲಕ್ಕೆ ಬರೆದ ಕಾಗದದ ಹಾಗೆ.

500 ಸಿಡಿಯಿಂದ ಮುಂದಕ್ಕೆ

ಕಾಡಿನಿಂದ ಹೊರಗೆ ಬಂದಾಗ ವರ್ನನ್‌ಗೆ ಇದು ಮುಗಿದ ಆಲ್ಬಂ ಅನ್ನಿಸಿರಲಿಲ್ಲ. ಡೆಮೊ ಅಂದುಕೊಂಡಿದ್ದ. ಡೆಮೊ ಅಂದರೆ ಕರಡು. ಹಾಡು ಹೀಗಿರುತ್ತೆ ಅಂತ ಲೇಬಲ್‌ನವರಿಗೆ ತೋರಿಸೋಕೆ ಮಾಡಿದ್ದು, ಆಮೇಲೆ ಸ್ಟುಡಿಯೋದಲ್ಲಿ ಸರಿಯಾಗಿ ಮಾಡೋದು ಅಂತ ಲೆಕ್ಕ. ಕೇಳಿದ ಗೆಳೆಯರು ಬೇಡ, ಇದನ್ನು ಹೀಗೇ ಬಿಡು ಅಂದರು. ಅವರು ಹಾಗೆ ಹೇಳದೇ ಇದ್ದಿದ್ದರೆ? ಮತ್ತೆ ಮಾಡಿದ್ದರೆ ದನಿ ಸ್ವಚ್ಛ ಆಗ್ತಿತ್ತು, ಆದರೆ ಆ ಕೋಣೆ ಕಳೆದುಹೋಗ್ತಿತ್ತು.

2007ರ ಜುಲೈನಲ್ಲಿ ತಾನೇ 500 ಸಿಡಿ ಮಾಡಿಸಿದ. ಲೇಬಲ್ ಇಲ್ಲ, ಪ್ರಚಾರಕ್ಕೆ ದುಡ್ಡಿಲ್ಲ. ಆ ಕಾಲ ಹೇಗಿತ್ತು ಅಂತ ಇಲ್ಲಿ ತಿಳಿದಿರಬೇಕು. ಹಾಡು ಕೇಳೋ ಆಪ್‌ಗಳು ಇನ್ನೂ ಮನೆಮನೆಗೆ ಬಂದಿರಲಿಲ್ಲ. ಜನ ಮೈಸ್ಪೇಸ್ ಅನ್ನೋ ಆಗಿನ ಸೋಷಿಯಲ್ ಮೀಡಿಯಾ ಪುಟಗಳಲ್ಲಿ ಹೊಸ ಬ್ಯಾಂಡ್ ಹುಡುಕ್ತಿದ್ದರು. ಸಂಗೀತದ ಹುಚ್ಚಿರೋ ಸಾಮಾನ್ಯ ಜನ ಬ್ಲಾಗ್ ಬರೀತಿದ್ದರು, ಮೆಚ್ಚಿದ ಹಾಡನ್ನು ಓದುಗರ ಜೊತೆ ಹಂಚಿಕೊಳ್ತಿದ್ದರು. ಅಂಥದ್ದೇ ಒಂದು, ಮೈ ಓಲ್ಡ್ ಕೆಂಟಕಿ ಬ್ಲಾಗ್, ಆಗಲೇ ಇವನ ಬಗ್ಗೆ ಬರೆಯಿತು. ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು ಬರೆದರು.

ಅಕ್ಟೋಬರ್‌ನಲ್ಲಿ ಪಿಚ್‌ಫೋರ್ಕ್ ಅನ್ನೋ ಸಂಗೀತದ ವೆಬ್‌ಸೈಟ್‌ನಲ್ಲಿ ವಿಮರ್ಶೆ ಬಂತು. ಇಂಡೀ ಸಂಗೀತ ಕೇಳೋರಿಗೆ ಆಗ ಪಿಚ್‌ಫೋರ್ಕ್ ಮಾತೇ ಮಾತು. ಅದೇ ತಿಂಗಳು ನ್ಯೂಯಾರ್ಕ್‌ನಲ್ಲಿ ನಡೆಯೋ ಸಿಎಂಜೆ ಅನ್ನೋ ಸಂಗೀತ ಮೇಳದಲ್ಲಿ ವರ್ನನ್ ಹಾಡಿದ. ಹೊಸಬರನ್ನು ಹುಡುಕಿಕೊಂಡು ಲೇಬಲ್‌ನವರು ಬರೋ ಜಾಗ ಅದು. ಕೊನೆಗೆ ಇಂಡಿಯಾನಾ ರಾಜ್ಯದ ಜಗ್‌ಜಗುವಾರ್ ಅನ್ನೋ ಚಿಕ್ಕ ಲೇಬಲ್ ಜೊತೆ ಒಪ್ಪಂದ ಆಯಿತು. 2008ರ ಫೆಬ್ರವರಿ 19ಕ್ಕೆ ಅಮೆರಿಕದಲ್ಲಿ ಆಲ್ಬಂ ಮತ್ತೆ ಬಿಡುಗಡೆಯಾಯಿತು, ಮೇ ತಿಂಗಳಲ್ಲಿ ಫೋರ್ ಎಡಿ ಲೇಬಲ್ ಮೂಲಕ ಬ್ರಿಟನ್ನಿನಲ್ಲಿ. ಒಂದು ಕಡೆ 2007, ಇನ್ನೊಂದು ಕಡೆ 2008 ಅಂತ ನೋಡಿ ಯಾವುದು ಸರಿ ಅಂದುಕೊಂಡಿದ್ದರೆ, ಎರಡೂ ಸರಿ.

ಹಾಡು ಒಬ್ಬನೇ ಮಾಡಿದ್ದು, ವೇದಿಕೆ ಮೇಲೆ ಅಷ್ಟೊಂದು ದನಿ ಎಲ್ಲಿಂದ ತರೋದು? ಓ ಕ್ಲೇರ್‌ನಲ್ಲೇ ಇದ್ದ ಡ್ರಮ್ಮರ್ ಶಾನ್ ಕ್ಯಾರಿ ಮೈಸ್ಪೇಸ್‌ನಲ್ಲಿ ಈ ಹಾಡುಗಳನ್ನು ಕೇಳಿ ಕೇಳಿ ಡ್ರಮ್ಮು, ಜೊತೆದನಿ ಎಲ್ಲ ಕಲಿತುಕೊಂಡು, ಕಾರ್ಯಕ್ರಮದ ಜಾಗಕ್ಕೇ ಬಂದು ನಾನೂ ಸೇರಿಕೊಳ್ತೀನಿ ಅಂದ. ಅವನು ಬ್ಯಾಂಡ್‌ನಲ್ಲೇ ಉಳಿದುಬಿಟ್ಟ. ವರ್ನನ್ ಹತ್ತಿರ ಹಿಂದೆ ಗಿಟಾರ್ ಕಲಿತಿದ್ದ ಮೈಕ್ ನಾಯ್ಸ್ ಕೂಡ ಬಂದ. ಹೀಗೆ ಬ್ಯಾಂಡ್ ಆಯಿತು.

8.1, 88: ಈ ಅಂಕಗಳ ಅರ್ಥ

ಪಿಚ್‌ಫೋರ್ಕ್ ಪ್ರತಿ ಆಲ್ಬಂಗೂ ಸೊನ್ನೆಯಿಂದ ಹತ್ತರವರೆಗೆ ದಶಾಂಶ ಲೆಕ್ಕದಲ್ಲಿ ಅಂಕ ಕೊಡುತ್ತೆ. ಈ ಆಲ್ಬಂಗೆ ಸಿಕ್ಕಿದ್ದು 8.1. ಎಂಟು ದಾಟಿದರೆ ಜನ ಗಮನಿಸ್ತಾರೆ. ಹೆಸರೇ ಕೇಳದ, ಲೇಬಲ್ ಕೂಡ ಇಲ್ಲದ ಒಬ್ಬನಿಗೆ ಆ ಅಂಕ ಸಿಕ್ಕಿದ್ದು ದೊಡ್ಡ ವಿಷಯ.

ಮೆಟಾಕ್ರಿಟಿಕ್ ಅನ್ನೋ ವೆಬ್‌ಸೈಟ್ ಮಾಡೋ ಕೆಲಸ ಬೇರೆ. ಅವರು ತಾವಾಗಿ ವಿಮರ್ಶೆ ಬರೆಯೋದಿಲ್ಲ. ಬೇರೆ ಬೇರೆ ಪತ್ರಿಕೆಗಳು ಬರೆದದ್ದನ್ನೆಲ್ಲ ಒಟ್ಟು ಹಾಕಿ, ನಕ್ಷತ್ರ ಕೊಟ್ಟಿದ್ದರೆ ಅದನ್ನೂ ಅಕ್ಷರದ ದರ್ಜೆ ಕೊಟ್ಟಿದ್ದರೆ ಅದನ್ನೂ ನೂರರ ಲೆಕ್ಕಕ್ಕೆ ತಿರುಗಿಸಿ, ಕೆಲವು ಪತ್ರಿಕೆಗಳಿಗೆ ಸ್ವಲ್ಪ ಜಾಸ್ತಿ ತೂಕ ಕೊಟ್ಟು ಸರಾಸರಿ ತೆಗೀತಾರೆ. ಹಾಗೆ ಬಂದಿದ್ದು 88. ಪರೀಕ್ಷೆಯಲ್ಲಿ 88 ತೆಗೆದ ಹಾಗೆ ಇದನ್ನು ಓದಬಾರದು. ನೂರಕ್ಕೆ ಇಷ್ಟು ಒಳ್ಳೇದು ಅನ್ನೋ ಅಳತೆ ಇದಲ್ಲ, ಬರೆದವರಲ್ಲಿ ಹೆಚ್ಚಿನವರು ಒಂದೇ ಕಡೆ ಇದ್ದರು ಅನ್ನೋದನ್ನು ಹೇಳುತ್ತೆ. ಒಬ್ಬರು ನೂರು ಕೊಟ್ಟು ಇನ್ನೊಬ್ಬರು ಐವತ್ತು ಕೊಟ್ಟರೆ ಸರಾಸರಿ 88ಕ್ಕೆ ಏರೋದು ಕಷ್ಟ.

ವಿಮರ್ಶಕರ ಮೆಚ್ಚುಗೆ ಬೇರೆ, ಮಾರಾಟದ ಪಟ್ಟಿ ಬೇರೆ. ಈ ಆಲ್ಬಂ ಬಂದ ವಾರವೇ ಪಟ್ಟಿಯ ತುದಿಗೆ ಹತ್ತಲಿಲ್ಲ. ಒಬ್ಬರಿಂದ ಒಬ್ಬರಿಗೆ ಹೋಗ್ತಾ ನಿಧಾನವಾಗಿ ಹರಡಿತು. 2008ರಲ್ಲಿ ಅಮೆರಿಕದ ಡೇವಿಡ್ ಲೆಟರ್‌ಮನ್ ಟಿವಿ ಕಾರ್ಯಕ್ರಮದಲ್ಲಿ ವರ್ನನ್ ಮತ್ತು ಬ್ಯಾಂಡ್‌ನವರು ಈ ಆಲ್ಬಂನ 'ಸ್ಕಿನ್ನಿ ಲವ್' ಹಾಡಿದರು. 2011ರಲ್ಲಿ ಬರ್ಡಿ ಅನ್ನೋ 14 ವರ್ಷದ ಇಂಗ್ಲೆಂಡಿನ ಹುಡುಗಿ ಅದೇ ಹಾಡನ್ನು ಬರೀ ಪಿಯಾನೋ ಜೊತೆ ಹಾಡಿದಳು, ಅದು ಬೇರೆಯೇ ಗುಂಪಿನ ಜನಕ್ಕೆ ತಲುಪಿತು. 2020ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಮಾಡಿದ 500 ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲೂ ಇದಕ್ಕೆ ಜಾಗ ಸಿಕ್ಕಿತು.

ಕತೆ ಹಾಡಿಗಿಂತ ದೊಡ್ಡದಾಯಿತಾ?

ಈ ಪ್ರಶ್ನೆ ಮೊದಲಿನಿಂದಲೂ ಇದೆ, ಕೇಳಬೇಕಾದ ಪ್ರಶ್ನೆಯೇ. ಪ್ರೀತಿ ಮುರಿದ ಹುಡುಗ ಹಿಮದ ಕಾಡಿಗೆ ಹೋಗಿ ಒಬ್ಬನೇ ಹಾಡು ಮಾಡಿಕೊಂಡು ಬಂದ ಅನ್ನೋದು ಹೇಳೋಕೆ ಸುಲಭ, ಕೇಳಿದವರು ಮರೆಯೋದೂ ಇಲ್ಲ. ಪತ್ರಿಕೆಯವರಿಗೆ ಇಂಥ ಕತೆ ಬೇಕು. ವಿಮರ್ಶೆಗಳು ಆ ಮನೆಯಿಂದಲೇ ಶುರುವಾದವು. ಹರಡೋದಕ್ಕೆ ಅದು ತುಂಬಾ ಸಹಾಯ ಮಾಡಿತು, ಅದರಲ್ಲಿ ಅನುಮಾನವಿಲ್ಲ.

ಆದರೆ ಹೇಳ್ತಾ ಹೇಳ್ತಾ ಕತೆ ಬೆಳೆಯಿತು. ಅವನು ಜಗತ್ತನ್ನೇ ಬಿಟ್ಟು ಹೋದ ಸನ್ಯಾಸಿ ಅನ್ನೋ ಹಾಗಾಯಿತು. ಅಸಲಿಗೆ ಅದು ಅಪ್ಪನ ಮನೆ, ಅಪ್ಪ ಆಗಾಗ ಬಂದು ಹೋಗ್ತಿದ್ದರು. ಕಂಪ್ಯೂಟರ್ ಓಡಿದೆ ಅಂದ ಮೇಲೆ ಕರೆಂಟೂ ಇತ್ತು. 'ಫಾರ್ ಎಮ್ಮಾ' ಹಾಡಿನಲ್ಲಿ ಕೇಳಿಸೋ ತುತ್ತೂರಿ ವಾದ್ಯಗಳನ್ನು ಆಮೇಲೆ ಬೇರೆಯವರು ಬಂದು ನುಡಿಸಿದ್ದು. ವರ್ನನ್ ಕೂಡ ಈ ಕಾಡಿನ ಕತೆ ಅತಿಯಾಯಿತು ಅಂತ ಹಲವು ಸಲ ಹೇಳಿಕೊಂಡಿದ್ದಾನೆ.

ಕತೆ ಸುಳ್ಳಲ್ಲ, ಆದರೆ ಕತೆಯೊಂದರಿಂದಲೇ ಯಾವ ಆಲ್ಬಂ ಕೂಡ ಇಷ್ಟು ವರ್ಷ ಉಳಿಯೋದಿಲ್ಲ. ಒಂಟಿಯಾಗಿ ಹಾಡು ಮಾಡಿದವರು ಎಷ್ಟೋ ಜನ ಇದ್ದಾರೆ. ಇಲ್ಲಿ ಒಂಟಿತನ ದನಿಯ ಒಳಗೇ ಸೇರಿಕೊಂಡಿದೆ. ಜೊತೆಗೆ ಹಾಡೋಕೆ ಯಾರೂ ಇಲ್ಲದವನು ತನ್ನ ದನಿಯಿಂದಲೇ ಜನರನ್ನು ಮಾಡಿಕೊಂಡ. ಅದು ಕೇಳಿಸುತ್ತೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಏನಾಯಿತು?

ಚಿಕ್ಕದಾಗಿ ಹೇಳಿಬಿಡ್ತೀನಿ. 2009ರ 'ಬ್ಲಡ್ ಬ್ಯಾಂಕ್' ಅನ್ನೋ ನಾಲ್ಕು ಹಾಡಿನ ಚಿಕ್ಕ ಬಿಡುಗಡೆಯಲ್ಲಿ 'ವುಡ್ಸ್' ಅಂತ ಒಂದಿದೆ. ವಾದ್ಯವೇ ಇಲ್ಲ, ಯಂತ್ರದಿಂದ ತಿರುಚಿದ ದನಿಯ ಪದರಗಳಷ್ಟೇ. ಅದು ರ‍್ಯಾಪರ್ ಕಾನ್ಯೆ ವೆಸ್ಟ್ ಕಿವಿಗೆ ಬಿತ್ತು, 2010ರ ತನ್ನ ಆಲ್ಬಂಗೆ ಅವನು ವರ್ನನ್‌ನನ್ನು ಹವಾಯಿಗೆ ಕರೆಸಿಕೊಂಡ. 2011ರ ಎರಡನೇ ಬೋನ್ ಈವೇರ್ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ನೇರ ಎರಡನೇ ಸ್ಥಾನಕ್ಕೆ ಬಂತು. 2012ರ ಫೆಬ್ರವರಿಯಲ್ಲಿ ಎರಡು ಗ್ರ್ಯಾಮಿ ಪ್ರಶಸ್ತಿ ಬಂದವು, ಅತ್ಯುತ್ತಮ ಆಲ್ಟರ್ನೇಟಿವ್ ಆಲ್ಬಂ ಮತ್ತು ಅತ್ಯುತ್ತಮ ಹೊಸ ಕಲಾವಿದ. 2007ರಲ್ಲೇ ಹಾಡಿದವನು 2012ರಲ್ಲಿ ಹೊಸಬ ಹೇಗೆ ಅಂತ ಕೇಳಬಹುದು. ಗ್ರ್ಯಾಮಿ ಲೆಕ್ಕದಲ್ಲಿ ಹೊಸಬ ಅಂದರೆ ಮೊದಲ ಸಲ ಹಾಡಿದವನು ಅಂತಲ್ಲ, ಜನರಿಗೆಲ್ಲ ಆ ವರ್ಷ ಗುರುತಾದವನು.

ಕೇಳೋದಾದರೆ ಹೀಗೆ ಕೇಳಿ

ಒಂಬತ್ತು ಹಾಡು, ಒಟ್ಟು 37 ನಿಮಿಷ. ಆದರೆ ಹೆಡ್‌ಫೋನ್ ಹಾಕಿಕೊಳ್ಳಿ, ಫೋನಿನ ಸ್ಪೀಕರ್‌ನಲ್ಲಿ ಪದರಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಮೊದಲ ಸಲ ಮಾತಿನ ಅರ್ಥ ಹುಡುಕೋಕೆ ಹೋಗಬೇಡಿ.

'ಸ್ಕಿನ್ನಿ ಲವ್' ಎಲ್ಲರಿಗೂ ಬೇಗ ಹಿಡಿಸುತ್ತೆ, ಅಲ್ಲಿಂದ ಶುರು ಮಾಡಬಹುದು. ಆಮೇಲೆ 'ಫ್ಲೂಮ್'. ಕೊನೇ ಹಾಡು 'ರೀ ಸ್ಟ್ಯಾಕ್ಸ್' ಅನ್ನು ಕೊನೆಗೇ ಇಟ್ಟುಕೊಳ್ಳಿ, ಅಲ್ಲಿ ಗುಂಪು ಚದುರಿಹೋಗಿ ಗಿಟಾರ್ ಮತ್ತು ಮನುಷ್ಯ ಇಬ್ಬರೇ ಉಳೀತಾರೆ.

ನಾಲ್ಕನೇ ಹಾಡು 'ದಿ ವುಲ್ವ್ಸ್' ಮಾತ್ರ ಎರಡು ಸಲ ಕೇಳಿ. ತುಂಬಾ ಮೆತ್ತಗೆ ಶುರುವಾಗಿ, ಕೊನೆಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರ್ತಾ, ದನಿ ಮೇಲೆ ದನಿ ಏರ್ತಾ, ಹಿಂದೆ ಏನೋ ಒಡೆದು ಬೀಳ್ತಿರೋ ಹಾಗೆ ಸದ್ದು ಜೋರಾಗುತ್ತೆ. ರೆಕಾರ್ಡಿಂಗ್‌ನಲ್ಲಿ ಆ ದನಿಗಳೆಲ್ಲ ವರ್ನನ್‌ದೇ. ವೇದಿಕೆ ಮೇಲೆ ಈ ಹಾಡು ಬಂದಾಗ ಅವನು ಆ ಸಾಲನ್ನು ಕೇಳೋಕೆ ಬಂದವರಿಗೆ ಬಿಟ್ಟುಕೊಡ್ತಿದ್ದ. ಸಭಾಂಗಣದಲ್ಲಿದ್ದ ಎಲ್ಲರೂ ಹಾಡ್ತಿದ್ದರು. ಅದರ ವಿಡಿಯೋಗಳಿವೆ, ಆಲ್ಬಂ ಕೇಳಿದ ಮೇಲೆ ಒಂದನ್ನು ಹುಡುಕಿ ನೋಡಿ.